ಲಿಫ್ಟ್ ಮಾಮನ ಜೇಬಿನ ಚೀಟಿ

ಇಸ್ತ್ರಿ ಪೆಟ್ಟಿಗೆ ಕಾದಿತ್ತು. ಅದನ್ನು ಅಂಗಿಯ ಮೇಲಿಡುವ ಮೊದಲು ಜೇಬು ತಡವಿ ನೋಡುವುದು ಮಗಳಿಗೆ ಚಿಕ್ಕಂದಿನ ಅಭ್ಯಾಸ. ಅಪ್ಪನ ಜೇಬಿನಲ್ಲಿ ಯಾವಾಗಲೂ ಏನಾದರೊಂದು ಇರುತ್ತಿತ್ತು. ಇವತ್ತೂ ಎರಡು ವಸ್ತು ಕೈಗೆ ಬಂದವು. ಒಂದು, ಮಂಡಿನೋವಿನ ಮಾತ್ರೆಯ ಸ್ಟ್ರಿಪ್, ಹತ್ತರಲ್ಲಿ ಏಳು ಖಾಲಿ. ಇನ್ನೊಂದು, ಒದ್ದೆಯಾಗದಿರಲಿ ಎಂದು ಎರಡೂ ಬದಿಗೆ ಟೇಪು ಮೆತ್ತಿದ್ದ ಒಂದು ಚೀಟಿ. ಅದರ ಮೇಲಿನ ಅಕ್ಷರ ಅವಳದೇ.

ಸ್ಟ್ರಿಪ್ಪನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟಳು. ಚೀಟಿಯನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು. ಹಾಗೇಕೆ ಮಾಡಿದೆ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಕೇಳಿದ್ದರೆ ಅವಳ ಹತ್ತಿರ ಉತ್ತರವಿತ್ತು, ಅದೇ ಅವಳ ಸಂಕಟ.

"ಆಯ್ತೇನೇ?" ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಯೂನಿಫಾರ್ಮಲ್ಲೇ ಕಳಿಸೋಣ. ಕಾಲರ್ ಚೆನ್ನಾಗಿ ತಿಕ್ಕು. ಕಾಲರ್ ಮುದುರಿದ್ರೆ ನಿಮ್ಮಪ್ಪ ಲಿಫ್ಟಿನ ಬಾಗಿಲೇ ತೆಗೀತಿರ್ಲಿಲ್ಲ." ಅಷ್ಟು ಹೇಳಿ ನಕ್ಕಳು. ನಗು ಅರ್ಧ ದಾರಿಯಲ್ಲೇ ಅಳುವಾಯಿತು.

ಅಪ್ಪ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದ್ದ. ದಿನಕ್ಕೆ ಇನ್ನೂರು ಸಲ ಮೇಲೆ ಹೋಗಿ, ಇನ್ನೂರು ಸಲ ಕೆಳಗಿಳಿದು, ಸಂಜೆ ಹೊತ್ತಿಗೆ ಬೆಳಿಗ್ಗೆ ಇದ್ದಲ್ಲೇ ಇರುವ ಉದ್ಯೋಗ ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಡಾಕ್ಟರರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಲಿಫ್ಟ್ ಮಾಮ. ಲಿಫ್ಟಿನೊಳಗೆ ಅವನಿಗೆಂದೇ ಒಂದು ಕುರ್ಚಿ ಇತ್ತು, ಆದರೆ ಅದರಲ್ಲಿ ಅವನು ಕೂತದ್ದನ್ನು ಕಂಡವರು ಕಡಿಮೆ. ಬಸುರಿಯನ್ನೋ ಮುದುಕರನ್ನೋ ಕೂರಿಸಿ ತಾನು ಗೋಡೆಗೆ ಒರಗಿ ನಿಲ್ಲುತ್ತಿದ್ದ. ಮಂಡಿ ಸವೆದದ್ದು ಹಾಗೆ.

ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ, ಅಂಗಿ ಇನ್ನೂ ಗೂಟದಲ್ಲೇ ಇರುವಾಗ, ಬಚ್ಚಲಲ್ಲಿ ರಕ್ತ ಕಾರಿಕೊಂಡು ಬಿದ್ದ. ಅವನದೇ ಲಿಫ್ಟಿನಲ್ಲಿ, ಇನ್ಯಾರೋ ಗುಂಡಿ ಒತ್ತಿ, ಅವನನ್ನು ಮೇಲೆ ಸಾಗಿಸಿದರು. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಹೊಟ್ಟೆಯಲ್ಲಿ ಹುಣ್ಣಾಗಿ ತುಂಬ ದಿನದಿಂದ ಒಳಗೊಳಗೇ ರಕ್ತ ಹೋಗಿದೆ, ನೋವಿನ ಮಾತ್ರೆ ನುಂಗುತ್ತಿದ್ದರೇನು ಎಂದು ಡಾಕ್ಟರು ಕೇಳಿದರು. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೊರಗಿನ ಕೋಣೆಯಲ್ಲಿ, ಬೆಂಚಿನ ಮೇಲೆ ಮಲಗಿಸಿದ್ದ ಅಪ್ಪನ ಪಕ್ಕ, ವಾರ್ಡಿನ ಆಯಾ ಬಂದವರಿಗೆಲ್ಲ ಹೇಳುತ್ತಿದ್ದಳು. "ಮಗಳು ಸಿಸ್ಟರ್ ಆಗಿದಾಳೆ ಅಂತ ಎಷ್ಟು ಹೆಮ್ಮೆ ಅಂತೀರಾ. ಲಿಫ್ಟ್ ಹತ್ತಿದೋರಿಗೆ ಮೂರನೇ ಮಹಡಿ ಬರೋದ್ರೊಳಗೆ ಆ ವಿಷಯ ಗೊತ್ತಾಗ್ಬೇಕು. ಇಂಥ ಮಗಳಿದ್ದೂ ಹೀಗಾಯ್ತು ನೋಡಿ. ಅವಳಾದ್ರೂ ಏನ್ ಮಾಡ್ತಾಳೆ, ಇವರು ಕದ್ದು ಮುಚ್ಚಿ ಮಾತ್ರೆ ನುಂಗಿದ್ರೆ."

ಪಕ್ಕದ ಮನೆಯಾಕೆ ಮಗಳ ಬೆನ್ನು ಸವರಿದಳು. ಆ ಕೈ ಬೆನ್ನ ಮೇಲಿದ್ದಷ್ಟು ಹೊತ್ತೂ ಮಗಳು ಉಸಿರು ಬಿಗಿಹಿಡಿದಿದ್ದಳು.

* * *

ಎರಡು ತಿಂಗಳ ಹಿಂದೆ ಆಸ್ಪತ್ರೆಯ ನೌಕರರಿಗೆಲ್ಲ ತಪಾಸಣೆ ಮಾಡಿದಾಗ ಅಪ್ಪನಿಗೆ ರಕ್ತ ಕಡಿಮೆ ಎಂದು ಬಂತು. ಹೊಟ್ಟೆ ಉರಿ ಎಂದೂ ಆಗಾಗ ಗೊಣಗುತ್ತಿದ್ದ. ಈ ವಯಸ್ಸಿನ ಗಂಡಸಿಗೆ ರಕ್ತ ಕಡಿಮೆಯಾದದ್ದೇಕೆ, ಅದು ಎಲ್ಲಿಗೆ ಹೋಗುತ್ತಿದೆ ಎಂದು ಬೇರೆಯವರ ಅಪ್ಪನಾಗಿದ್ದರೆ ಅವಳು ಖಂಡಿತ ಕೇಳುತ್ತಿದ್ದಳು. ತನ್ನ ಅಪ್ಪನಿಗೆ ಕಬ್ಬಿಣದ ಮಾತ್ರೆ ತಂದುಕೊಟ್ಟಳು. ಉರಿಗೆ ಒಂದು ಬಾಟಲಿ ಗುಲಾಬಿ ಬಣ್ಣದ ಔಷಧಿ ತಂದಳು. ಚೀಟಿ ಬರೆದಳು.

ವಾರ್ಡಿನಲ್ಲಿ ಅವಳ ಚೀಟಿಗಳಿಗೆ ದೊಡ್ಡ ಹೆಸರು. ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ, ಯಾವುದರ ಜೊತೆ ಯಾವುದನ್ನು ನುಂಗಬಾರದು, ಎಲ್ಲ ದಪ್ಪ ಅಕ್ಷರದಲ್ಲಿ. ಕಲಿಯಲು ಬಂದ ಹುಡುಗಿಯರಿಗೆ ಅದನ್ನೇ ಪಾಠ ಮಾಡುತ್ತಿದ್ದಳು. "ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾದ್ರೆ ಅದು ಬರೀ ಬಣ್ಣ. ರಕ್ತದ ಕಪ್ಪು ಡಾಂಬರಿನ ಹಾಗೆ ಅಂಟುತ್ತೆ, ಕೆಟ್ಟ ವಾಸನೆ ಇರುತ್ತೆ. ಹೆದರಬೇಡಿ ಅಂತ ಒಂದು ಸಾಲು ಬರೆದ್ರೆ, ಯಾವಾಗ ಹೆದರಬೇಕು ಅಂತ ಇನ್ನೊಂದು ಸಾಲು ಬರೀರಿ. ನೋವಿನ ಮಾತ್ರೆ ತಗೊಳ್ತಿದೀರಾ ಅಂತ ಬಾಯಿಬಿಟ್ಟು ಕೇಳಿ."

ಆ ಇನ್ನೊಂದು ಸಾಲಿಗೆ ಅಪ್ಪನ ಚೀಟಿಯಲ್ಲಿ ಜಾಗವಿತ್ತು. ಆ ದಿನ ಅವಳಿಗೆ ಡ್ಯೂಟಿಗೆ ಹೊತ್ತಾಗಿತ್ತು. ಅಪ್ಪ ತಾನೇ, ಎಲ್ಲಿ ಹೋಗುತ್ತಾನೆ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ.

* * *

ಮೆಡಿಕಲ್ ಶಾಪಿನವನು ಬಂದಾಗ ಮಗಳು ಇಸ್ತ್ರಿ ಮಾಡಿದ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು. ಆಸ್ಪತ್ರೆಯ ಗೇಟಿನೆದುರು ಅವನ ಅಂಗಡಿ. ಒಳಗೆ ಬಂದವನು ಅಪ್ಪನ ಮುಖ ನೋಡಿದ, ಕೈ ಮುಗಿದ, ನೇರ ಅವಳ ಹತ್ತಿರ ಬಂದ.

"ಸಿಸ್ಟರ್, ಆ ಮಾತ್ರೆ ಕೊಟ್ಟಿದ್ದು ನಾನೇ." ಅವನ ದನಿ ಕೆಳಗಿತ್ತು. "ಮೂರು ತಿಂಗ್ಳಿಂದ. ಡಾಕ್ಟರ್ ಬರೆಯದೆ ಕೊಡಬಾರ್ದು, ಗೊತ್ತು. ಮಗಳಿಗೆ ಹೇಳ್ಬೇಡಪ್ಪ, ಗೊತ್ತಾದ್ರೆ ಕೆಲಸ ಬಿಡಿಸ್ತಾಳೆ ಅಂದ್ರು. ಲಿಫ್ಟ್ ಮಾಮ ಕೇಳಿದ್ರೆ ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ. ರಾತ್ರಿಯೆಲ್ಲ ನಿದ್ದೆ ಇಲ್ಲ, ಸಿಸ್ಟರ್."

ಅವಳು ಬಾಯಿ ತೆರೆಯುವುದರೊಳಗೆ ಅಣ್ಣ ಬಂದುಬಿಟ್ಟ. ಅಣ್ಣ ಲಾರಿ ಓಡಿಸುವವನು. ಅವನ ಸಿಟ್ಟಿಗೂ ಲಾರಿಯ ಹಾಗೆ ಬ್ರೇಕು ತಡ. ಶಾಪಿನವನ ಕೊರಳಪಟ್ಟಿ ಹಿಡಿದ.

"ನೀನೇನಾ ಅವನು? ಕೊಂದಿದ್ದೂ ಅಲ್ದೆ ಮುಖ ನೋಡೋಕೆ ಬೇರೆ ಬಂದಿದೀಯಾ?"

ಶಾಪಿನವನು ಬಿಡಿಸಿಕೊಳ್ಳಲಿಲ್ಲ. "ಹೌದು, ನಂದೇ ತಪ್ಪು," ಎಂದ.

"ನಡಿ ಆಚೆಗೆ. ಇನ್ನೊಂದ್ಸಲ ಈ ಮನೆ ಮುಂದೆ ಕಾಣಿಸ್ಕೊಂಡ್ರೆ ಸುಮ್ನೆ ಬಿಡಲ್ಲ."

ಕೋಣೆಯಲ್ಲಿದ್ದವರೆಲ್ಲ ಅವನನ್ನು ನೋಡಿದರು. ಡಾಕ್ಟರರ ಪ್ರಶ್ನೆಗೆ ಉತ್ತರ ಸಿಕ್ಕಂತಾಗಿತ್ತು, ಆ ಉತ್ತರ ಎದುರಿಗೇ ತಲೆ ತಗ್ಗಿಸಿ ನಿಂತಿತ್ತು. ಮಗಳ ಎದೆಯ ಮೇಲಿದ್ದ ಭಾರ ಇಳಿದ ಹಾಗಾಯಿತು. ಮರುಕ್ಷಣ, ಹಾಗಾದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

"ಅಂಗಿ ಕೊಡು," ಅಣ್ಣ ಕೈ ಚಾಚಿದ. "ಗಾಡಿ ಬರೋ ಹೊತ್ತಾಯ್ತು."

ಅವಳು ಮುಷ್ಟಿ ಬಿಚ್ಚಿದಳು. ಚೀಟಿಯನ್ನು ಅಂಗಿಯ ಜೇಬಿಗೆ, ಅದು ಇದ್ದ ಜಾಗಕ್ಕೇ, ಜಾರಿಸಿದಳು. ಅಪ್ಪನ ಜೊತೆ ಅದೂ ಹೋಗುತ್ತದೆ. ಯಾರಿಗೂ ತಿಳಿಯುವುದಿಲ್ಲ. ಬಾಗಿಲಾಚೆ ಶಾಪಿನವನು ಬಗ್ಗಿ ತನ್ನ ಚಪ್ಪಲಿ ಹುಡುಕುತ್ತಿದ್ದ. ಕಣ್ಣೆದುರೇ ಇದ್ದರೂ ಅವನಿಗೆ ಸಿಗುತ್ತಿರಲಿಲ್ಲ.

* * *

ಕಳೆದ ವಾರ ಅವಳು ಲಿಫ್ಟ್ ಹತ್ತಿದಾಗ ಒಳಗೆ ದೊಡ್ಡ ಡಾಕ್ಟರರಿದ್ದರು, ಜೊತೆಗೆ ಅವರ ಹಿಂದೆ ಓಡಾಡುವ ಇಬ್ಬರು ಕಿರಿಯರು. ಆ ದಿನ ಅಪರೂಪಕ್ಕೆ ಅಪ್ಪ ತನ್ನ ಕುರ್ಚಿಯಲ್ಲಿ ಕೂತಿದ್ದ. ಮುಖ ಬಿಳಿಚಿತ್ತು. ಅದೂ ಅವಳ ಕಣ್ಣಿಗೆ ಬಿದ್ದಿತ್ತು.

"ಮಗಳೇ, ಒಂದ್ ವಿಷಯ. ಆ ಕಪ್ಪು ಇದೆಯಲ್ಲ, ಈಗೀಗ ಯಾಕೋ ಅಂಟಂಟಾಗಿ..."

ಕಿರಿಯರಲ್ಲೊಬ್ಬ ನಗು ತಡೆದುಕೊಂಡು ಲಿಫ್ಟಿನ ಚಾವಣಿ ನೋಡಿದ. ಅವಳ ಕಿವಿ ಬಿಸಿಯಾಯಿತು. ಇಷ್ಟು ಜನರೆದುರು, ಅದೂ ಈ ವಿಷಯ, ಅದೂ ಲಿಫ್ಟಿನಲ್ಲಿ.

"ಅಪ್ಪ, ಚೀಟೀಲಿ ಬರ್ದಿದೀನಲ್ಲ," ಎಂದಳು. ವಾರ್ಡಿನಲ್ಲಿ ಯಾರೊಂದಿಗೂ ಅವಳು ಆ ದನಿಯಲ್ಲಿ ಮಾತಾಡಿದವಳಲ್ಲ.

"ಹೌದ್ಹೌದು, ಬರ್ದಿದೀಯ." ಅಪ್ಪ ಜೇಬು ಮುಟ್ಟಿ ನೋಡಿಕೊಂಡ. ಮೂರನೇ ಮಹಡಿ ಬಂತು. ಮಂಡಿಗೆ ಕೈಯೂರಿ ಎದ್ದು ಬಾಗಿಲು ತೆಗೆದ. "ಹೋಗ್ಬನ್ನಿ, ಸಿಸ್ಟರ್," ಎಂದ, ಎಲ್ಲರಿಗೂ ಕೇಳುವ ಹಾಗೆ.

ಅವಳು ತಿರುಗಿ ನೋಡಲಿಲ್ಲ.

* * *

ಅಣ್ಣ ಅಪ್ಪನ ಒಂದು ಕೈಯನ್ನು ಅಂಗಿಯ ತೋಳಿನೊಳಗೆ ತೂರಿಸಿದ್ದ. ಮಗಳು ಬಗ್ಗಿ ಜೇಬಿಗೆ ಕೈ ಹಾಕಿ ಚೀಟಿಯನ್ನು ತೆಗೆದಳು.

"ಅಣ್ಣ, ಅವ್ರನ್ನ ವಾಪಸ್ ಕರಿ."

"ಯಾರನ್ನ?"

"ಮೆಡಿಕಲ್ ಶಾಪಿನೋರನ್ನ. ತಪ್ಪು ಅವ್ರೊಬ್ರದೇ ಅಲ್ಲ." ಅವಳು ಚೀಟಿಯನ್ನು ಎತ್ತಿ ತೋರಿಸಿದಳು. "ಅಪ್ಪಂಗೆ ಹೊಟ್ಟೆಯಿಂದ ಕಪ್ಪಗೆ ಹೋಗ್ತಿತ್ತು. ಅದು ರಕ್ತ. ಕಬ್ಬಿಣದ ಮಾತ್ರೆಯಿಂದ ಕಪ್ಪಾಗುತ್ತೆ, ಹೆದರಬೇಡ ಅಂತ ನಾನೇ ಬರ್ದುಕೊಟ್ಟಿದ್ದೆ. ಹೋದ ವಾರ ಲಿಫ್ಟಲ್ಲಿ ಅಪ್ಪ ನಂಗೆ ಹೇಳೋಕೆ ಬಂದ. ಜನ ಇದ್ರು ಅಂತ ನಂಗೆ ನಾಚಿಕೆಯಾಯ್ತು. ಬಾಯಿ ಮುಚ್ಚಿಸ್ದೆ."

ಅಣ್ಣ ಹಿಡಿದಿದ್ದ ಅಪ್ಪನ ಕೈಯನ್ನು ಮೆಲ್ಲಗೆ ಕೆಳಗಿಟ್ಟ. ಆಯಾ, "ಬಿಡಮ್ಮ, ಈ ಹೊತ್ತಲ್ಲಿ ಯಾಕೆ ಅದೆಲ್ಲ," ಎಂದಳು. ಹೊಸಿಲಾಚೆ ಶಾಪಿನವನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತುಬಿಟ್ಟಿದ್ದ.

ಅಮ್ಮ ಕೈ ಚಾಚಿದಳು. "ಕೊಡಿಲ್ಲಿ."

ಅವಳ ಕನ್ನಡಕ ಎಲ್ಲಿತ್ತೋ. ಗೂಡಿನಲ್ಲಿದ್ದ ಅಪ್ಪನ ಕನ್ನಡಕವನ್ನೇ ತೆಗೆದು ಹಾಕಿಕೊಂಡಳು. ಮುರಿದ ಕಡ್ಡಿಗೆ ಅಪ್ಪ ಆಸ್ಪತ್ರೆಯ ಪ್ಲಾಸ್ಟರ್ ಸುತ್ತಿದ್ದ. ಅವಳ ಚಿಕ್ಕ ಮುಖಕ್ಕೆ ಅದು ದೊಡ್ಡದಾಗಿ ಮೂಗಿನ ತುದಿಗೆ ಜಾರಿತು. ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದು, ಇನ್ನೊಂದರಲ್ಲಿ ಚೀಟಿ ಹಿಡಿದು, ಒಂದೊಂದೇ ಪದ ಕೂಡಿಸಿಕೊಂಡು ಓದಿದಳು.

"ದಿನಕ್ಕೆ ಒಂದು. ಊಟವಾದ ಮೇಲೆ. ಗುಲಾಬಿ ಔಷಧಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಮಲ ಕಪ್ಪಾಗುತ್ತೆ. ಹೆದರಬೇಡ."

ಅಲ್ಲಿಗೆ ಮುಗಿಯಿತು. ಅಮ್ಮ ಇನ್ನೂ ಏನೋ ಇರಬೇಕು ಎಂಬಂತೆ ಚೀಟಿಯನ್ನು ತಿರುಗಿಸಿದಳು. ಬೆಳಕಿಗೆ ಹಿಡಿದಳು, ಕಣ್ಣ ಹತ್ತಿರಕ್ಕೆ ತಂದಳು, ದೂರ ಮಾಡಿದಳು. ಟೇಪಿನಡಿ ಹಿಂಬದಿ ಪೂರ್ತಿ ಬಿಳಿ ಇತ್ತು.