ಮಾಸ್ತಮ್ಮನ ಬೀದಿ

ಚಟ್ಟ ಹೆಗಲಿಗೇರಿ ಬೈಪಾಸಿನ ಕಡೆ ತಿರುಗುತ್ತಿದ್ದಂತೆ ಶ್ಯಾಮಲಾ ಬೆಂಕಿ ಮಡಕೆ ಹಿಡಿದುಕೊಂಡೇ ಅಡ್ಡ ನಿಂತಳು.

“ಅಮ್ಮನ್ನ ಲೇಔಟಿನ ಬೀದೀಲಿ ಕರ್ಕೊಂಡ್ ಹೋಗಣ ಮಾವ.”

ಹೊತ್ತವರು ನಿಂತರು. ಮುಂದೆ ಹೆಗಲು ಕೊಟ್ಟಿದ್ದವನು ಕೃಷ್ಣಕುಮಾರ್, ತೀರಿಕೊಂಡ ಮಾಸ್ತಮ್ಮನ ಸ್ವಂತ ತಮ್ಮ. ಬೈಪಾಸಾದರೆ ಸ್ಮಶಾನ ಹತ್ತಿರ, ಲೇಔಟು ಸುತ್ತು ದಾರಿ, ಬಿಸಿಲು ಬೇರೆ ಏರುತ್ತಿದೆ, ಹೊತ್ತವರೆಲ್ಲ ಬರಿಗಾಲಲ್ಲಿದ್ದಾರೆ ಎಂದು ಅವನು ಒಂದೊಂದೇ ಕಾರಣ ತೆಗೆದ. ನಿಜವಾದ ಕಾರಣ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವನ ಮನೆ ಅದೇ ಬೀದಿಯಲ್ಲಿತ್ತು.

ಶ್ಯಾಮಲಾ ಜಾಗ ಬಿಡಲಿಲ್ಲ. ಬದುಕಿದ್ದಾಗ ಅಮ್ಮನಿಗೆ ಒಂದು ಶಾಲು ಹೊದೆಸಿದವರಿಲ್ಲ. ಇವತ್ತಾದರೂ ಅವಳು ತಾನು ನೆಡಿಸಿದ ಮರಗಳ ಕೆಳಗೆ ಹೋಗಬೇಕು. ಅಷ್ಟೂ ಆಗದಿದ್ದರೆ ತಾನು ಮಗಳಾಗಿ ಹುಟ್ಟಿ ಏನು ಬಂತು?

*

ಸಾಗರ ಪೇಟೆಯ ಅಂಚಿನಲ್ಲಿ ಆ ಲೇಔಟು ಎದ್ದಾಗ ಅಲ್ಲಿದ್ದ ಕಾಡುಮಾವು, ಹೊನ್ನೆಗಳನ್ನೆಲ್ಲ ಕಡಿದು ನುಣ್ಣಗೆ ಮಾಡಿದ್ದರು. ಬದಲಿಗೆ ನೆಟ್ಟ ಸಸಿಗಳು ಫೋಟೋ ತೆಗೆಸಿಕೊಂಡು ಒಣಗಿದವು. ಮಾಸ್ತಮ್ಮ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡುವವಳು. ಅವಳ ಕೈರುಚಿಗೆ ಊರೇ ಸೋತಿತ್ತು, ಹಾಗಾಗಿ ಹಟಕ್ಕೂ ಸೋಲಬೇಕಾಯಿತು. ಲೇಔಟಿನಲ್ಲಿ ಯಾರೇ ಗೃಹಪ್ರವೇಶಕ್ಕೆ ಕರೆದರೂ ಪಾತ್ರೆಗಳ ಜೊತೆ ಒಂದು ಸಸಿಯನ್ನೂ ತರುತ್ತಿದ್ದಳು. ಮನೆ ಮುಂದೆ ಗುಂಡಿ ತೋಡಿ ಅದನ್ನು ನೆಡುವವರೆಗೆ ಒಲೆ ಹಚ್ಚುತ್ತಿರಲಿಲ್ಲ. ನೆಂಟರು ಬಂದು ಕೂತಿರುತ್ತಿದ್ದರು. ಯಜಮಾನ ರೇಷ್ಮೆ ಪಂಚೆ ಎತ್ತಿ ಕಟ್ಟಿ ಗುದ್ದಲಿ ಹಿಡಿಯದೆ ಗತಿಯಿರಲಿಲ್ಲ. ಆಮೇಲೆ ಬೇಸಿಗೆಯಿಡೀ ಬಂದು, ನೀರು ಹಾಕಿದಿರಾ ಎಂದು ಕೇಳಿ ಕೇಳಿ ಜೀವ ತಿನ್ನುತ್ತಿದ್ದಳು.

ತಮ್ಮನ ಗೃಹಪ್ರವೇಶಕ್ಕೂ ರಂಜದ ಸಸಿ ತಂದಳು. ಬೇರು ಬಂದು ಕಾಂಪೌಂಡ್ ಒಡೆಯುತ್ತದೆ ಎಂದು ಕೃಷ್ಣಕುಮಾರ್ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

“ಒಡಹುಟ್ಟಿದೋನು ಅಂತ ನಿನ್ನ ಬಿಟ್ರೆ, ನಾಳೆ ಇನ್ನೊಬ್ರನ್ನ ಯಾವ ಬಾಯಲ್ಲಿ ಕೇಳ್ಲೋ?” ಎಂದವಳೇ ಸೌಟು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟಳು. ಅವತ್ತು ನೆಂಟರು ಹೋಟೆಲಿನ ಪಲಾವ್ ಉಂಡರು. ಅಕ್ಕ ತಮ್ಮ ಮಾತು ಬಿಟ್ಟರು. ನಿನ್ನೆ ಅವಳ ಉಸಿರು ನಿಂತಿತೆಂದು ತಿಳಿದಾಗ ಎಲ್ಲರಿಗಿಂತ ಮೊದಲು ಓಡಿ ಬಂದು ಅತ್ತವನೂ ಅವನೇ.

*

“ಆಯ್ತು, ತಿರುಗ್ರೋ,” ಎಂದ ಕೃಷ್ಣಕುಮಾರ್ ಕೊನೆಗೆ.

ಬೀದಿಯ ಎರಡೂ ಬದಿಯ ರಂಜ, ನೇರಳೆ, ಹೊಂಗೆಗಳು ಮೇಲೆ ಕೂಡಿಕೊಂಡಿದ್ದವು. ಕಾಲಡಿಯ ಟಾರು ತಣ್ಣಗಿತ್ತು. ಪ್ರತಿ ಮನೆಯವರೂ ಹೊರಗೆ ಬಂದು ತಮ್ಮ ತಮ್ಮ ಮರದ ಬುಡದಲ್ಲಿ ನಿಂತು ಕೈಮುಗಿದರು. ಅಪೇಕ್ಷಾ ಟೀಚರು ತಮ್ಮ ನೇರಳೆ ಮುಟ್ಟಿ, ಇದಕ್ಕೆ ಗುಂಡಿ ತೋಡಿಸಿ ನನ್ನ ಅಂಗೈಯಲ್ಲಿ ಬೊಕ್ಕೆ ಬರಿಸಿದ್ದಳು ಎಂದು ಅಳುತ್ತಲೇ ನಕ್ಕರು. ಶ್ಯಾಮಲಾಳ ಎದೆ ಉಬ್ಬಿತು. ಅಳಬೇಕಾದ ಹೊತ್ತಿನಲ್ಲಿ ಹೆಮ್ಮೆಯಾಗುತ್ತಿತ್ತು, ಅವಳು ಅದನ್ನು ತಡೆಯಲೂ ಹೋಗಲಿಲ್ಲ.

ಕೃಷ್ಣಕುಮಾರನ ಮನೆ ಮುಂದೆ ಮಾತ್ರ ನೆರಳಿಲ್ಲ. ಟಾರು ಕಾದು ಮೆತ್ತಗಾಗಿತ್ತು. ಹೊತ್ತವರು ಅಂಗಾಲು ಸುಟ್ಟು, ಮುಂದಿನ ಮನೆಯ ಮರದಡಿಗೆ ಓಡಲು ನೋಡಿದರು. ಚಟ್ಟ ವಾಲಿತು.

“ಓಡ್ಬೇಡಿ,” ಎಂದ ಕೃಷ್ಣಕುಮಾರ್. “ಅಕ್ಕ ನಿಧಾನಕ್ಕೆ ಹೋಗ್ಲಿ.”

ತನ್ನ ಕಾಂಪೌಂಡಿನ ಉದ್ದಕ್ಕೂ ಅವನು ಆ ಬೆಂಕಿಯಂಥ ಟಾರಿನ ಮೇಲೆ ಒಂದೊಂದೇ ಹೆಜ್ಜೆಯನ್ನು ಪೂರ್ತಿ ಊರಿ ನಡೆದ.