ನಲವತ್ತೊಂದನೇ ಪುಟ

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ‘ಹದ್ದಿನಕಣ್ಣು’ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷಗಳಿಂದ ಕರಡು ತಿದ್ದುವುದೇ ಅವಳ ಕೆಲಸ. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯ ಇರುವೆಸಾಲಿನಂಥ ಅಕ್ಷರಗಳಲ್ಲೂ ತಪ್ಪು ಅವಳ ಕೈಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಅಪ್ಪ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಈ ವರ್ಷ ಅಣ್ಣನಿಗೂ ಅದೇ ಎಂದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಸಾಕಷ್ಟು ಬೆಳೆದುಬಿಟ್ಟಿತ್ತು. ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರಮ್ಮ ಒಂದು ದಿನ ಇವಳನ್ನೂ ಕೂರಿಸಿಕೊಂಡು ವಯಸ್ಸು ಕೇಳಿದರು. ನಲವತ್ತೆರಡು ಎಂದಳು.

“ಹಾಗಾದ್ರೆ ಕೊಳವೆ ಹಾಕಿ ಕರುಳು ನೋಡೋ ಪರೀಕ್ಷೆ ಬೇಗ ಮಾಡಿಸ್ಕೊಳ್ಳಿ. ನೋವು ಬರಲಿ ಅಂತ ಕಾಯಬೇಡಿ,” ಎಂದು ಚೀಟಿ ಬರೆದುಕೊಟ್ಟರು.

ಪರೀಕ್ಷೆಯ ಖರ್ಚು ಕೊಡಲು ವಿಮಾ ಕಂಪನಿ ಒಪ್ಪಲಿಲ್ಲ. ಫೋನಿನಲ್ಲಿ ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಂದು ದನಿ ಬಂತು.

“ಮೇಡಂ, ನಿಮಗೆ ಕಾಯಿಲೆ ಏನೂ ಇಲ್ವಲ್ಲ?”

“ಇದೆಯೋ ಇಲ್ವೋ ನೋಡೋಕೇ ತಾನೆ ಪರೀಕ್ಷೆ?”

“ಕಾಯಿಲೆ ಬಂದ್ರೆ ಎಲ್ಲಾ ಕೊಡ್ತೀವಿ. ಮುನ್ನೆಚ್ಚರಿಕೆ ತಪಾಸಣೆಗೆ ದುಡ್ಡು ಬರಲ್ಲ ಮೇಡಂ.”

“ಅಂದ್ರೆ ಮೊದಲು ಕಾಯಿಲೆ ಬರಿಸ್ಕೊಂಡು ಆಮೇಲೆ ಫೋನ್ ಮಾಡ್ಲಾ?”

ಆ ಕಡೆಯಿಂದ ಮತ್ತೆ ಸಂಗೀತ ಶುರುವಾಯಿತು.

ಮುದ್ರಣಾಲಯದಲ್ಲಿ ಮುಖ್ಯವಾದ ಕರಡನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಇನ್ನೊಂದು ಪ್ರತಿಯಲ್ಲಿ ಹೋಲಿಸಿ ನೋಡುತ್ತಾರೆ. ಭಾನುವಾರ ಅವಳು ಅರವತ್ತೆಂಟು ಪುಟಗಳ ಪಾಲಿಸಿಯ ಎರಡು ಪ್ರತಿ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಒಂದನ್ನು ಅಮ್ಮನ ಮುಂದೆ ಸರಿಸಿದಳು.

“ಒಂದು ಅಲ್ಪವಿರಾಮಾನೂ ಬಿಡದೆ ಓದಮ್ಮ.”

ಮೂವತ್ತನೇ ಪುಟದ ಹೊತ್ತಿಗೆ ಅಮ್ಮನ ಗಂಟಲು ಒಣಗಿತು. “ಇದನ್ನ ಬರೆದ ಪುಣ್ಯಾತ್ಮನಿಗೆ ಪೂರ್ಣವಿರಾಮ ಕಂಡ್ರೆ ಆಗಲ್ಲ ಅನ್ಸುತ್ತೆ,” ಎಂದು ನೀರು ಕುಡಿದು ಮುಂದುವರಿಸಿದರು. ನಲವತ್ತೊಂದನೇ ಪುಟದ ಅಡಿಯಲ್ಲಿ ಸಿಕ್ಕಿತು: ‘ಮುನ್ನೆಚ್ಚರಿಕೆಯ ತಪಾಸಣೆಗಳು ಒಳಪಡುವುದಿಲ್ಲ; ಒಡಹುಟ್ಟಿದವರು ಅಥವಾ ಹೆತ್ತವರಲ್ಲಿ ಇಬ್ಬರಿಗೆ ಅದೇ ಕಾಯಿಲೆ ಇದ್ದು, ವೈದ್ಯರು ಲಿಖಿತವಾಗಿ ಸೂಚಿಸಿದ ಸಂದರ್ಭವನ್ನು ಹೊರತುಪಡಿಸಿ.’

“ನಿಲ್ಲಮ್ಮ! ಇನ್ನೊಂದ್ಸಲ ಓದು.”

ಅಮ್ಮ ಓದಿದರು. ಈ ಸಲ ಪ್ರತಿ ಪದದ ಕೆಳಗೂ ಬೆರಳಿಟ್ಟುಕೊಂಡು.

ಅವಳು ಪುಟಸಂಖ್ಯೆ ಬರೆದು, ಅಪ್ಪನ ಮತ್ತು ಅಣ್ಣನ ವರದಿಗಳನ್ನೂ ಡಾಕ್ಟರ ಚೀಟಿಯನ್ನೂ ಲಗತ್ತಿಸಿ ಪತ್ರ ಕಳಿಸಿದಳು. ಹತ್ತು ದಿನಕ್ಕೆ ಉತ್ತರ ಬಂತು. ಅದೇ ನಿರಾಕರಣೆ, ಜೊತೆಗೆ ಹನ್ನೊಂದು ಕಾಗುಣಿತದ ತಪ್ಪು. ಅವಳು ಕೆಂಪು ಶಾಯಿಯಲ್ಲಿ ಹನ್ನೊಂದನ್ನೂ ತಿದ್ದಿ, ಅಂಚಿನಲ್ಲಿ ‘ಪುಟ ೪೧ ಬಿಟ್ಟುಹೋಗಿದೆ’ ಎಂದು ಬರೆದು, ರಜೆ ಹಾಕಿ, ಕಂಪನಿಯ ಕಚೇರಿಗೇ ಹೋದಳು.

ಅಧಿಕಾರಿ ಕಾಗದ ನೋಡಿ ಹುಬ್ಬೇರಿಸಿದರು. “ಇದೇನಮ್ಮ, ನಮ್ಮ ಪತ್ರಾನೇ ತಿದ್ದಿಬಿಟ್ಟಿದ್ದೀರಿ?”

“ಅಭ್ಯಾಸ ಸಾರ್. ಹನ್ನೊಂದು ತಪ್ಪು ನಿಮ್ಮ ಮರ್ಯಾದೆದು. ಹನ್ನೆರಡನೇದು ನನ್ನ ಜೀವದ್ದು.”

ಅವರು ಪಾಲಿಸಿ ತರಿಸಿ ಆ ಪುಟವನ್ನು ಎರಡು ಸಲ ಓದಿದರು. ಮುಖ ಸಣ್ಣದಾಯಿತು. “ನಮ್ಮವರು ಇದನ್ನ ನೋಡೇ ಇಲ್ಲ.”

“ಅಚ್ಚು ಹಾಕಿಸಿದ್ದು ನೀವೇ ಸಾರ್.”

ಅವಳು ಕುರ್ಚಿಯಿಂದ ಏಳುವ ಮುಂಚೆಯೇ ಒಪ್ಪಿಗೆಪತ್ರದ ಮೇಲೆ ಮೊಹರು ಬಿತ್ತು.

ಪರೀಕ್ಷೆಯಲ್ಲಿ ಎರಡು ಪುಟ್ಟ ಗಂಟುಗಳು ಸಿಕ್ಕವು. ಡಾಕ್ಟರಮ್ಮ ಅವನ್ನು ಅಲ್ಲೇ ತೆಗೆದುಹಾಕಿದರು. “ಹಾಗೇ ಬಿಟ್ಟಿದ್ರೆ ಮುಂದೆ ಇವೇ ಕ್ಯಾನ್ಸರ್ ಆಗ್ತಿದ್ವೇನೋ. ಸರಿಯಾದ ಹೊತ್ತಿಗೆ ಬಂದ್ರಿ.”

ಕೆಳಗಿನ ಮಹಡಿಯಲ್ಲಿ ಅಣ್ಣ ಔಷಧದ ಬಾಟಲಿ ತೂಗುಹಾಕಿಸಿಕೊಂಡು ಮಲಗಿದ್ದ. ಸುದ್ದಿ ಕೇಳಿ ತಂಗಿಯ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

“ನಮ್ಮನೇಲಿ ಈ ಕಾಯಿಲೆ ಜುಟ್ಟು ಮೊದಲು ಹಿಡಿದೋಳು ನೀನು ಕಣೇ. ಅಪ್ಪ ಇದ್ದಿದ್ರೆ ಬೀದಿ ತುಂಬಾ ಹೇಳ್ಕೊಂಡು ಬರ್ತಿದ್ರು.”

“ಆ ಕೆಲಸ ಅಮ್ಮ ಶುರು ಮಾಡಿದಾಳೆ, ಕೇಳು,” ಎಂದಳು.

ಹೊರಗೆ ಬೆಂಚಿನ ಮೇಲೆ ಕೂತು ಅಮ್ಮ ಇಬ್ಬರು ನರ್ಸುಗಳಿಗೂ ಒಬ್ಬ ಅಪರಿಚಿತನಿಗೂ ಎಲ್ಲವನ್ನೂ ಮೊದಲಿನಿಂದ ಹೇಳುತ್ತಿದ್ದರು. ಹನ್ನೊಂದು ತಪ್ಪು ಆಗಲೇ ಇಪ್ಪತ್ತಾಗಿತ್ತು. ತಿದ್ದಲು ಹದ್ದಿನಕಣ್ಣು ಎದ್ದು ಹೋಗಲಿಲ್ಲ.