ಎದೆಯ ಅಳತೆ

ಕಂಕುಳಿನ ಕೆಳಗೆ ಟೇಪು ತಣ್ಣಗೆ ಹರಿದುಹೋಯಿತು, ಕೈ ಎತ್ತು ಹನಿ, ಇನ್ನೂ ಸ್ವಲ್ಪ, ಅಳತೆ ತೆಗೆಯುವ ಡೋನಾಳಿಗೆ ಬಂದವರೆಲ್ಲ ಹನಿಯೇ, ಅವಳ ಬೆರಳಲ್ಲಿ ಕಾಫಿಯ ವಾಸನೆ, ಒಳಕೋಣೆಯಿಂದ ಹೊಲಿಗೆ ಮೆಷಿನ್‌ಗಳ ಸದ್ದು, ಗೋಡೆಯ ಗೂಟಗಳಲ್ಲಿ ತೂಗುವ ವೆಸ್ಟುಗಳು, ತಲೆಯಿಲ್ಲದ ಕೈಯಿಲ್ಲದ ಎದೆಗಳು, ಕಪ್ಪು, ಕಂದು, ಕಡುನೀಲಿ — ಅದರಲ್ಲೊಂದು ನನ್ನದಾಗಬೇಕು, ಸೋಮವಾರ ಪೊಲೀಸ್ ಅಕಾಡೆಮಿ ಶುರು, ಗುಂಡು ತಡೆಯುವ ವೆಸ್ಟಿಗೆ ಅಳತೆ ಕೊಡದವರು ಬರಲೇಬೇಡಿ ಎಂದಿದ್ದಾರೆ, ಮೊದಲು ಗಂಡಸರದೊಂದು ಹಾಕಿ ನೋಡಿದ್ದೆ, ಎದೆಯನ್ನು ಹಿಸುಕಿ ಕಂಕುಳಲ್ಲಿ ಬಾಯಿಬಿಟ್ಟುಕೊಂಡು ನಿಂತಿತ್ತು, ಗುಂಡು ನುಗ್ಗಲು ಅಷ್ಟು ಸಂದಿ ಸಾಕು ಎಂದು ಡೋನಾ ಅದನ್ನು ಪರಪರ ಕಿತ್ತು ಪಕ್ಕಕ್ಕೆಸೆದಿದ್ದಳು, ಈಗ ಟೇಪು ಎದೆಯ ನಡುವೆ ಬಂದು ನಿಂತಿತು, ಒಳಗೆ ಗಟ್ಟಿಯಾಗಿ ಏನೋ ಇದೆಯಲ್ಲ, ಲಾಕೆಟ್ಟಾ — ಲಾಕೆಟ್ ಅಲ್ಲ, ಹೇಗೆ ಹೇಳಲಿ, ಬೆಳ್ಳಿಯ ಕರಡಿಗೆ, ಅದರೊಳಗೆ ನನ್ನ ಇಷ್ಟಲಿಂಗ, ಅಮೆರಿಕಕ್ಕೆ ಬರುವ ಮುಂಚೆ ಗದಗಿನಲ್ಲಿ ಸ್ವಾಮಿಗಳು ನನ್ನ ಎಡ ಅಂಗೈಯಲ್ಲಿ ಇಟ್ಟಿದ್ದು, ಅಜ್ಜಿ ಶಿವದಾರ ಹೊಸೆದು ಕೊರಳಿಗೆ ಹಾಕಿದ್ದು, ಅಂದಿನಿಂದ ಸ್ನಾನದಲ್ಲೂ ನಿದ್ದೆಯಲ್ಲೂ ಮೈ ಬಿಟ್ಟಿಲ್ಲ, ದೇವರದು ಎಂದೆ ಇಂಗ್ಲಿಷಿನಲ್ಲಿ, ಅಷ್ಟೇ ಬಂತು, ಯಾವಾಗಲೂ ಅಷ್ಟೇ ಬರುವುದು.

ದೇವರದ್ದೇ ಇರಲಿ ಹನಿ, ವೆಸ್ಟಿನ ಕೆಳಗೆ ಗಟ್ಟಿ ವಸ್ತು ಇರಬಾರದು, ತೆಗೆ, ಇಲ್ಲದಿದ್ದರೆ ನಾನು ಅಳತೆ ಬರೆಯುವುದಿಲ್ಲ, ಇಲ್ಲಿ ನೋಡು — ಶೆಲ್ಫಿನಿಂದ ಒಂದು ಮಣ್ಣಿನ ಗಡ್ಡೆ ತಂದು ಮೇಜಿನ ಮೇಲಿಟ್ಟಳು, ಬೂದು ಜೇಡಿಮಣ್ಣು, ನಡುವೆ ನುಣ್ಣನೆಯ ಕುಳಿ, ಹೆಬ್ಬೆರಳು ಮುಳುಗುವಷ್ಟು, ಇದರ ಮುಂದೆ ವೆಸ್ಟ್ ಕಟ್ಟಿ ಗುಂಡು ಹಾರಿಸಿದ್ದು, ಗುಂಡು ದಾಟಲಿಲ್ಲ, ಆದರೆ ಪೆಟ್ಟು ದಾಟಿತು, ಇದು ನಿನ್ನ ಎದೆ ಎಂದುಕೋ, ಅವಳ ಬೆರಳು ಮಣ್ಣಿನಿಂದ ನನ್ನ ಎದೆಗೆ, ಇಲ್ಲಿ ನಿನ್ನ ಆ ಡಬ್ಬಿ ಇದ್ದಿದ್ದರೆ ಅದೇ ಒಳಗೆ ಹೊಗುತ್ತಿತ್ತು, ಗುಂಡು ಬೇಕಿರಲಿಲ್ಲ — ಕುಳಿಯ ಅಂಚಿನಲ್ಲಿ ವೆಸ್ಟಿನ ನೇಯ್ಗೆಯ ಗೆರೆಗಳೂ ಮೂಡಿವೆ, ಬಾಗಿಲ ಬಳಿಯ ಕುರ್ಚಿಯಿಂದ ಅಜ್ಜಿ, ಇಳಕಲ್ ಸೀರೆಯ ಮೇಲೆ ಅಪ್ಪನ ಜಾಕೆಟ್ಟು, ಕಾಲಿಗೆ ಬಿಳಿ ಶೂ, ಏನಂತಾಳಕಿ, ನಿನ್ನ ಎದಿ ಕಡೆ ಯಾಕ ಬಟ್ಟ ಮಾಡಿ ತೋರಸಾಕತ್ತಾಳ, ತೆಗಿ ಅಂತಾಳೇನು, ತೆಗೀಬ್ಯಾಡ ಮತ್ತ, ಅದ ನಿನ್ನ ಕವಚ, ಹುಚ್ಚವ್ವಾ, ಅದರ ಮುಂದ ಈ ದುಪ್ಪಟಿ ಯಾವ ಲೆಕ್ಕ.

ಅಜ್ಜಿಯನ್ನು ಕಳಿಸಿದ್ದು ಅಪ್ಪ, ಜಾಣ, ಕಾರಿನ ಎಂಜಿನಿಯರ್ ವೀರೇಶ್ ಅವರು ಮಗಳಿಗೆ ಬೇಡ ಎನ್ನುವುದಿಲ್ಲ, ನಾ ಏನೂ ಹೇಳೂದಿಲ್ಲ ಇಳಾ, ನಮ್ಮವ್ವ ಹೂಂ ಅಂದ್ರ ಹೋಗು, ಊಹೂಂ ಅಂದ್ರ ಸುಮ್ಮನ ಮನ್ಯಾಗಿರು, ಊಹೂಂ ಬರುತ್ತದೆಂದು ಗೊತ್ತಿದ್ದೇ ಹೇಳಿದ್ದು, ಅಜ್ಜಿ ರುದ್ರಮ್ಮನ ಬಾಯಿಂದ ಹೂಂ ಬಂದದ್ದನ್ನು ಆ ಮನೆಯಲ್ಲಿ ಕೇಳಿದವರು ಯಾರು — ನಾನು ಹನ್ನೊಂದನೇ ಕ್ಲಾಸಿನಿಂದ ಎದ್ದುಬಂದ ಮಧ್ಯಾಹ್ನವೂ ಅಪ್ಪ ಬೈಯಲಿಲ್ಲ, ಟೀಚರ್ ಹೆಸರು ಕರೆದಾಗಲೆಲ್ಲ ನಾಲಗೆ ಮರದ ತುಂಡಾಗುತ್ತಿತ್ತು, ಬ್ಯಾಗು ತೆಗೆದುಕೊಂಡು ಹಿಮದಲ್ಲಿ ನಡೆದುಬಂದೆ, ಪರೀಕ್ಷೆ ಆಮೇಲೆ ಮನೆಯಲ್ಲೇ ಓದಿ ಕಟ್ಟಿ ಪಾಸಾದೆ, ಅದನ್ನು ಯಾರೂ ಹೇಳುವುದಿಲ್ಲ, ಶಿವರಾತ್ರಿಗೆ ಲೆಮಾಂಟ್ ಗುಡಿಗೆ ಹೋದಾಗ ಊಟದ ಸಾಲಿನಲ್ಲಿ ಕಲ್ಮೇಶ್ ಅಂಕಲ್, ಏನ್ರೀ ವೀರೇಶ್, ಹೈಸ್ಕೂಲ್ ಬಿಟ್ಟಾಕಿ ಪೊಲೀಸ್‌ಗೆ ಅಪ್ಲೈ ಮಾಡ್ಯಾಳಂತ, ಕಳ್ಳ ಬಂದ್ರ ಸಾರಿ ಅಂದು ದಾರಿ ಬಿಡ್ತಾಳ ನೋಡ್ರಿ ಈಕಿ, ಅಪ್ಪ ನಕ್ಕರು, ಎಲ್ಲರೂ ನಕ್ಕರು, ನಾನೂ ನಕ್ಕೆ, ಮತ್ತೆ ಹಾಗೆ ನಗುವುದಿಲ್ಲ — ನೈನ್ ಒನ್ ಒನ್‌ನಲ್ಲಿ ತುರ್ತು ಕರೆ ತೆಗೆಯುವ ಕೆಲಸಕ್ಕೆ ಹೆಡ್‌ಸೆಟ್ ಹಾಕಿ ಕೂತಿದ್ದಾಗ ಒಬ್ಬಳ ಫೋನು, ಮಾತೇ ಇಲ್ಲ, ಹಿಂದೆ ಪಾತ್ರೆ ಇಡುವ ಸದ್ದು, ಬೇರೆಯವರಾದರೆ ತಪ್ಪು ಕರೆ ಎನ್ನುತ್ತಿದ್ದರೋ ಏನೋ, ಮಾತು ಬಾರದ ಬಾಯಿ ಹೇಗೆ ಉಸಿರಾಡುತ್ತದೆ ಎಂದು ನನಗೆ ಗೊತ್ತು, ಅಪಾಯವಿದ್ದರೆ ಫೋನಿನ ಮೇಲೆ ಉಗುರಿನಿಂದ ತಟ್ಟಿ ಎಂದೆ, ತಟ್ಟಿದಳು, ಪೊಲೀಸ್ ಕಾರು ಕಳಿಸಿದೆ, ಆದರೆ ಆ ಬಾಗಿಲಿಗೆ ಹೋದವರು ಬೇರೆಯವರು, ನಾನು ಕುರ್ಚಿಯಲ್ಲೇ ಉಳಿದೆ, ಇನ್ನು ಉಳಿಯುವುದಿಲ್ಲ, ಆ ಬಾಗಿಲಿಗೆ ನಾನೇ ಹೋಗಬೇಕು, ಹೋಗುವವಳಿಗೆ ಈ ವೆಸ್ಟ್ ಬೇಕು, ವೆಸ್ಟಿಗೆ ಎದೆ ಖಾಲಿ ಇರಬೇಕು.

ಕುಳಿ ನನ್ನನ್ನೇ ನೋಡುತ್ತಿದೆ. ಡೋನಾ ಟೇಪನ್ನು ಕೊರಳಿಗೆ ಹಾಕಿಕೊಂಡು ಕಾಯುತ್ತಾಳೆ, ಅಜ್ಜಿ ಕುರ್ಚಿಯ ಕೈ ಹಿಡಿದು ಏಳುತ್ತಾಳೆ, ನಡಿ ಮನಿಗೆ, ಲಿಂಗ ತೆಗೆದ ಮೈಗೆ ನನ್ನ ಕೈನೀರು ಕೊಡೂದಿಲ್ಲ ನೋಡು — ಕತ್ತಿನೊಳಗೆ ಕೈ ಹಾಕಿ ಕರಡಿಗೆಯನ್ನು ಹೊರಗೆಳೆದೆ, ಮುಚ್ಚಳ ತೆರೆದೆ, ಕಪ್ಪು ಲಿಂಗ, ಮೈಯ ಬಿಸಿಯಲ್ಲೇ ಬೆಚ್ಚಗೆ, ಎಡ ಅಂಗೈಯಲ್ಲಿ ಇಟ್ಟುಕೊಂಡು, ಖಾಲಿ ಕರಡಿಗೆಯನ್ನು ಶಿವದಾರದ ಸಮೇತ ಕೊರಳಿಂದ ತೆಗೆದು ಮಣಿಕಟ್ಟಿಗೆ ಸುತ್ತಿ, ಆ ಕೈಯನ್ನು ಪಕ್ಕಕ್ಕೆ ಚಾಚಿದೆ, ಮೈ ಬಿಟ್ಟಿಲ್ಲ ನೋಡಜ್ಜಿ, ಹೊಕ್ಕುಳದ ಮ್ಯಾಲ ಇದ್ದರ ಸಾಕು ಅಂತ ನೀನ ಕಲಿಸಿದ್ದು, ಕೆಲಸದಾಗ ರಟ್ಟೀಗೆ ಕಟ್ಟಿಕೋತೇನಿ, ವೆಸ್ಟ್ ಅಲ್ಲಿಗೆ ಬರೂದಿಲ್ಲ, ನಮ್ಮ ಮನಿತಾನದಾಗ ಯಾರೂ ರಟ್ಟೀಗೆ ಕಟ್ಟಿಲ್ಲ ಎಂದಳು, ನಾ ಕಟ್ಟತೇನಿ ಎಂದೆ, ಅಷ್ಟು ಜೋರಾಗಿ ಎಂದೂ ಹೇಳಿರಲಿಲ್ಲ, ಒಳಕೋಣೆಯ ಮೆಷಿನ್ ಒಂದು ನಿಂತಿತು, ಡೋನಾಳಿಗೂ ಅವಳ ಭಾಷೆಯಲ್ಲಿ, ಈಗ ಎದೆ ಖಾಲಿ ಇದೆ, ಬರೆದುಕೊಳ್ಳಿ — ಟೇಪು ಮತ್ತೆ ಬಂತು, ಬೆನ್ನು, ಪಕ್ಕೆ, ಎದೆ, ಮೊದಲ ಸಲ ಅಲ್ಲಿ ಏನೂ ಇಲ್ಲ, ಚಳಿ, ಹೆದರಿಕೆಯೂ ಇದೆ, ಇರಲಿ, ಕೈ ಇಳಿಸುವುದಿಲ್ಲ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟುತ್ತಿದೆ, ಅಪ್ಪ, ಅಜ್ಜಿ ಏನಂದ್ಲು ಎಂದು ಕೇಳಲು, ಕೇಳಲಿ, ಅಜ್ಜಿ ಹೂಂ ಅಂದಿಲ್ಲ, ನಾನು ಅದಕ್ಕೆ ಕಾದೂ ಇಲ್ಲ, ಸೋಮವಾರ ಹೋಗುತ್ತೇನೆ, ಅಜ್ಜಿ ನನ್ನ ಬಳಿ ಬರಲಿಲ್ಲ, ಬಾಗಿಲ ಕಡೆಗೂ ಹೋಗಲಿಲ್ಲ, ಮೇಜಿನ ಹತ್ತಿರ ನಿಂತಿದ್ದಾಳೆ, ಮಣ್ಣಿನ ಗಡ್ಡೆಯನ್ನು ನೋಡುತ್ತಾ, ನನ್ನ ಎದೆಯನ್ನು ನೋಡುತ್ತಾ, ಮತ್ತೆ ಮಣ್ಣನ್ನು, ಇದು ಯಾರ ಎದಿ ಎಂದು ಯಾರನ್ನೂ ಕೇಳದೆ ಕೇಳಿ, ವಿಭೂತಿ ಹಚ್ಚುವ ಆ ಬೆರಳನ್ನು ಮೆಲ್ಲಗೆ, ನೋಯುತ್ತದೇನೋ ಎಂಬಂತೆ, ಒಳಗಿಟ್ಟಳು — ಕುಳಿ, ಅಜ್ಜಿಯ ಬೆರಳು, ನನ್ನ ಎದೆಯ ಆ ಕುಳಿ.